ನಡೆದೇ ಇಲ್ಲದ ನಾಲ್ಕು ಭಾಗಗಳ ನೆಂಟ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸ್ ನಿಲ್ದಾಣದ ಹಿಂದಿನ ಅಂಗಳದಲ್ಲಿ ಸಾಲಾಗಿ ನಿಂತ ಬಸ್ಸುಗಳ ಮೈಮೇಲೆ ನಿನ್ನೆಯ ಧೂಳು ಹಾಗೇ ಕೂತಿದೆ. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಉದ್ದ ಹಿಡಿಕೆಯ ಬ್ರಷ್ ಹಿಡಿದ ಎತ್ತರದ ಮನುಷ್ಯರೊಬ್ಬರು ಮೊದಲ ಬಸ್ಸಿನ ಬಾಗಿಲ ಬಳಿ ಬಂದು ನಿಲ್ಲುತ್ತಾರೆ. ಆದರೆ ಹತ್ತುವುದಿಲ್ಲ. ಹಿಡಿಕೆಯ ತುದಿಯಿಂದ ಬಸ್ಸಿನ ತಗಡಿಗೆ ಕುಟ್ಟುತ್ತಾರೆ. "ಒಳಗೆ ಯಾರಾದ್ರೂ ಇದ್ದೀರೇನ್ರಪ್ಪಾ?" ಬಗ್ಗಿ ಸೀಟುಗಳ ಕೆಳಗೆ ಟಾರ್ಚ್ ಬಿಟ್ಟು ನೋಡುತ್ತಾರೆ. ಆಮೇಲೆ ಬಲಗಾಲನ್ನು ಮೆಟ್ಟಿಲ ಮೇಲಿಟ್ಟು, ಎಡ ಸೊಂಟಕ್ಕೆ ಕೈ ಊರಿ, ಕುಂಟುತ್ತಾ ಮೇಲೇರುತ್ತಾರೆ.

"ಖಾಲಿ ಬಸ್ಸನ್ನ ನಂಬಬಾರದು ಮೇಡಂ," ಎನ್ನುತ್ತಾರೆ. "ಹಿಂದಿನ ಸೀಟಲ್ಲಿ ಯಾರು ಕೂತಿರ್ತಾರೋ ಯಾರಿಗೆ ಗೊತ್ತು?"

ಬೇರೆ ಯಾರಾದರೂ ಈ ಮಾತು ಆಡಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ಆದರೆ ಖಾಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಗೋಣಿಬಟ್ಟೆಯ ಮುಖವಾಡ ಹಾಕಿ ಕೂತು, ಒಂದು ತಲೆಮಾರಿನ ಮಕ್ಕಳು ಬಸ್ ಹತ್ತಲು ಹೆದರುವಂತೆ ಮಾಡಿದವರು ಇವರೇ ಎಂದು ಇವರ ಮಗಳು ಹೇಳುತ್ತಾಳೆ. ಅದು ನಿಜವೋ ಸುಳ್ಳೋ ನೋಡಿಬರಲು ನಾನು ಈ ಅಂಗಳಕ್ಕೆ ಬಂದಿದ್ದೇನೆ.

ನಿಜ ಹೇಳಬೇಕೆಂದರೆ, ಸುಳ್ಳೇ ಇರಬೇಕು ಎಂದುಕೊಂಡೇ ಬಂದಿದ್ದೇನೆ.

'ನೆಂಟ' ಸಿನಿಮಾ ಸರಣಿಯನ್ನು ನೋಡದವರಿಗಾಗಿ ಒಂದೆರಡು ಮಾತು. ಗೋಣಿಬಟ್ಟೆಯ ಮುಖವಾಡದ ಒಬ್ಬ ಎತ್ತರದ ಮನುಷ್ಯ ಕೈಯಲ್ಲೊಂದು ಚೀಲ ಹಿಡಿದು ಮನೆಮನೆಯ ಬಾಗಿಲು ಬಡಿಯುತ್ತಾನೆ. ಮಾತಾಡುವುದಿಲ್ಲ, ಓಡುವುದಿಲ್ಲ. ನಿಧಾನವಾಗಿ, ತನ್ನದೇ ಮನೆ ಎಂಬಂತೆ ಒಳಗೆ ನಡೆದು ಬರುತ್ತಾನೆ. ಬಾಗಿಲು ತೆಗೆದವರ ಕಥೆ ಅಲ್ಲಿಗೆ ಮುಗಿಯಿತು. ಇಷ್ಟೇ. ಇದನ್ನೇ ಎಂಟು ಸಲ ತೆಗೆದಿದ್ದಾರೆ, ಒಂಬತ್ತನೆಯದು ಬರಲಿದೆ. ಆ ಎಂಟರಲ್ಲಿ ಒಮ್ಮೆಯೂ ಅವನ ಮುಖ ಕಾಣುವುದಿಲ್ಲ. ಕೊನೆಯಲ್ಲಿ ಹೆಸರು ತೋರಿಸುವಾಗಲೂ 'ನೆಂಟನ ಪಾತ್ರದಲ್ಲಿ: ನೆಂಟ' ಎಂದಷ್ಟೇ ಬರುತ್ತದೆ. ಅಂದಿನವರಿಗೆ ಅದು ತಮಾಷೆ. ಆ ತಮಾಷೆಯಿಂದಾಗಿಯೇ ಇಂದು ಯಾರು ಬೇಕಾದರೂ ಎದೆ ತಟ್ಟಿ 'ನಾನೇ ನೆಂಟ' ಎನ್ನಬಹುದು. ಹೋದ ವರ್ಷ ಇನ್ನೊಂದು ಪತ್ರಿಕೆ ಹಾಗೆಂದ ಒಬ್ಬ ಕಾವಲುಗಾರನನ್ನು ನಂಬಿ ಅರ್ಧ ಪುಟ ಬರೆದು, ಮರುವಾರ ಓದುಗರ ಕ್ಷಮೆ ಕೇಳಿತ್ತು. ನಮ್ಮ ಸಂಪಾದಕರು ನನ್ನನ್ನು ಕಳಿಸುವಾಗ ಹೇಳಿದ್ದು ಒಂದೇ ಮಾತು: "ಬೆಳ್ಳಗಿರೋದೆಲ್ಲ ಹಾಲಲ್ಲ. ಹುಷಾರು."

ಅನುಮಾನ ನನ್ನೊಬ್ಬಳದೇ ಅಲ್ಲ. ನನ್ನ ಗುರುತಿನ ಚೀಟಿಯನ್ನು ಇವರು ಹಿಂದೆ ಮುಂದೆ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು. "ನಿಮ್ಮನ್ನ ಸಿನಿಮಾ ಕಂಪನಿಯವರು ಕಳಿಸಿದ್ರಾ?" ಎಂದು ಕೇಳಿದರು. ಇಲ್ಲ ಎಂದೆ. "ಕಂಪನಿಯವರು ಕಳಿಸಿದ್ರೂ ನೀವು ಹಾಗೇ ಹೇಳ್ತೀರಲ್ಲ," ಎಂದು ಚೀಟಿ ವಾಪಸು ಕೊಟ್ಟರು. ಊಟದ ಡಬ್ಬಿಯ ಮುಚ್ಚಳಕ್ಕೆ ದಾರ ಕಟ್ಟಿ, ಗಂಟಿನ ತುದಿಯನ್ನು ಇಂಥದೇ ದಿಕ್ಕಿಗೆ ಇಟ್ಟು ಹೋಗುವ ಮನುಷ್ಯ ಇವರು. ಯಾರಾದರೂ ಬಿಚ್ಚಿದರೆ ಗೊತ್ತಾಗಲಿ ಅಂತ. ಜೊತೆಯ ಕೆಲಸಗಾರರು ಇಟ್ಟಿರುವ ಹೆಸರು ಅನುಮಾನಪ್ಪ. "ತನ್ನ ನೆರಳೇ ಹಿಂದೆ ಬಂದ್ರೂ ನಿಂತು, 'ಯಾರಯ್ಯಾ ನೀನು' ಅಂತ ಕೇಳೋ ಆಸಾಮಿ," ಎನ್ನುತ್ತಾರೆ ಅಂಗಳದ ಚಹಾದವರು.

ಮೂವರು ಸೇರಿ ಬೆಳಗ್ಗೆ ನಲವತ್ತರ ಹತ್ತಿರ ಬಸ್ಸು ತೊಳೆಯಬೇಕು. ಇಬ್ಬರು ಹೊರಗೆ ಪೈಪು ಹಿಡಿದರೆ ಅನುಮಾನಪ್ಪನವರದು ಒಳಗಿನ ಕೆಲಸ. ಕಸ ಗುಡಿಸಬೇಕು, ವಾಂತಿ ತೊಳೆಯಬೇಕು, ಸೀಟಿನ ಕೆಳಗೆ ಅಂಟಿಸಿದ ಚ್ಯೂಯಿಂಗ್ ಗಮ್ಮನ್ನು ಚಪ್ಪಟೆ ತಗಡಿನಿಂದ ಕೆರೆದು ತೆಗೆಯಬೇಕು. ಗಾಜಿನ ಮೇಲೆ ಬೆರಳಲ್ಲಿ ಬರೆದ ಹೆಸರು, ಹೃದಯ, ಬೈಗುಳ ಎಲ್ಲವೂ ಒಂದೇ ಬಟ್ಟೆಯಲ್ಲಿ ಹೋಗುತ್ತವೆ. ಹಿಂದೊಂದು ಸಲ ಸೀಟಿನ ಕೆಳಗೆ ಮಲಗಿದ್ದ ಕುಡುಕನೊಬ್ಬ ಇವರ ಕಾಲು ಹಿಡಿದುಕೊಂಡನಂತೆ. "ಜೀವ ಬಾಯಿಗೆ ಬಂತು," ಎನ್ನುತ್ತಾರೆ. ಬಗ್ಗಿ ಏಳುವಾಗೆಲ್ಲ ಸೊಂಟ ಹಿಡಿಯುತ್ತದೆ. ಆಗ ಸೀಟಿನ ಕಂಬಿ ಹಿಡಿದು ಒಂದು ಗಳಿಗೆ ನಿಲ್ಲುತ್ತಾರೆ. ಅಷ್ಟು ಹೊತ್ತು ಯಾರ ಮುಖವನ್ನೂ ನೋಡುವುದಿಲ್ಲ.

ಪತ್ರಿಕೆಗೆ ಫೋನ್ ಮಾಡಿದ್ದು ಮಗಳು. ಕನ್ನಡಕದ ಅಂಗಡಿಯಲ್ಲಿ ಕೆಲಸ ಅವಳಿಗೆ. ಹೊಸ ಸಿನಿಮಾದ ಹೊತ್ತಿಗೆ ಕಂಪನಿ ಒಂದು ಪ್ರಕಟಣೆ ಹೊರಡಿಸಿತ್ತು. ಸರಣಿಯನ್ನು ಯಾವ ಕ್ರಮದಲ್ಲಿ ನೋಡಬೇಕು ಎಂಬ ಅಭಿಮಾನಿಗಳ ಜಗಳಕ್ಕೆ ಕೊನೆ ಹಾಡುತ್ತೇವೆ ಎಂದಿತ್ತು. ಮೊದಲನೆಯದನ್ನು ನೋಡಿ, ಅಲ್ಲಿಂದ ನೇರ ಆರಕ್ಕೆ ಹೋಗಿ, ಆಮೇಲೆ ಏಳು, ಎಂಟು, ಒಂಬತ್ತು. ಎರಡರಿಂದ ಐದರವರೆಗಿನ ಘಟನೆಗಳು ಇನ್ನು ಮುಂದೆ ಕಥೆಯಲ್ಲಿ ಇಲ್ಲ. ಅವು ನಡೆದೇ ಇಲ್ಲ. ಆ ನಾಲ್ಕನ್ನು ಎಲ್ಲೂ ತೋರಿಸುವುದೂ ಇಲ್ಲ.

ಇದನ್ನು ಓದಿ ಹೇಳಿದಾಗ ಅಪ್ಪ ಊಟ ಬಿಟ್ಟು ಎದ್ದರಂತೆ.

"ನಡೆದೇ ಇಲ್ಲ ಅಂದ್ರೆ ಏನರ್ಥ?" ನನ್ನನ್ನೂ ಹಾಗೇ ಕೇಳಿದರು, ಗಮ್ಮು ಕೆರೆಯುವುದನ್ನು ನಿಲ್ಲಿಸಿ. "ಹಾಗಾದ್ರೆ ನನ್ನ ಸೊಂಟ ಯಾಕೆ ನೋಯುತ್ತೆ?"

ಯಾವ ಯಾವ ಭಾಗದಲ್ಲಿ ನೀವಿದ್ದದ್ದು ಎಂದು ಕೇಳಿದೆ. ಎರಡು, ಮೂರು, ಐದು ಎಂದರು. ನಾಲ್ಕು? "ನಾಲ್ಕರ ಮಾತು ಬೇಡ," ಎಂದು ಬ್ರಷ್ ಎತ್ತಿಕೊಂಡರು.

ಆ ಉತ್ತರ ಹಿಡಿದು ನಾನು ನೇರ ಔಷಧಿ ಅಂಗಡಿಗೆ ಹೋದೆ. ಊರಿನ ನೆಂಟ ಅಭಿಮಾನಿ ಬಳಗದ ಕಾರ್ಯದರ್ಶಿ ಆ ಅಂಗಡಿಯ ಮಾಲೀಕರು. ಎಂಟೂ ಭಾಗಗಳ ಹಳೇ ಟೇಪುಗಳು ಅವರ ಹತ್ತಿರ ಇವೆ. ಕೆಮ್ಮಿನ ಔಷಧಿ ಕೊಡುತ್ತಲೇ ನನ್ನ ಮಾತು ಕೇಳಿ ಅವರು ಬಾಯ್ತುಂಬ ನಕ್ಕರು.

"ಐದರಲ್ಲಿ ಇದ್ದೆ ಅಂದ್ರಾ? ನಾಲ್ಕರಲ್ಲಿ ಇಲ್ಲ ಅಂದ್ರಾ? ಹಾಗಾದ್ರೆ ಶುದ್ಧ ಸುಳ್ಳು ಮೇಡಂ. ಎರಡು, ಮೂರು, ನಾಲ್ಕು, ಈ ಮೂರೂ ಭಾಗದಲ್ಲಿ ಒಬ್ಬನೇ. ಅದೇ ನಡಿಗೆ, ಎಡಗೈ ಸ್ವಲ್ಪ ಹೊರಗೆ ಬೀಸ್ತಾನೆ. ಐದರಲ್ಲಿ ಇರೋನೇ ನಕಲಿ. ಕುಂಟುತ್ತಾನೆ. ಐದನೇದು ಒಂದಕ್ಕಿಂತ ಹಿಂದಿನ ಕಥೆ. ಮೊದಲು ಕುಂಟುತ್ತಿದ್ದವನು ಆಮೇಲೆ ನೆಟ್ಟಗೆ ಹೇಗೆ ನಡೀತಾನೆ, ಹೇಳಿ?"

ನನಗೆ ಒಳಗೊಳಗೇ ಸಮಾಧಾನವಾಯಿತು. ನನ್ನ ಅನುಮಾನ ಗೆದ್ದಿತ್ತು. ಮರುದಿನ ಮುಂಜಾನೆ ಅಂಗಳಕ್ಕೆ ಹೋಗಿ ಔಷಧಿ ಅಂಗಡಿಯವರ ಮಾತನ್ನು ಹಾಗೇ ಇವರ ಮುಂದಿಟ್ಟೆ. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಇವರು ಬಸ್ಸಿನ ಮೆಟ್ಟಿಲ ಮೇಲೆ ಕೂತು ಒದ್ದೆ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡರು.

"ನಾಲ್ಕರಲ್ಲಿ ಇದ್ದವನು ನನ್ನ ತಮ್ಮ," ಎಂದರು.

ಅಣ್ಣ ತಮ್ಮ ಇಬ್ಬರೂ ಹದಿಹರೆಯ ದಾಟುವ ಮುನ್ನವೇ ಸಿನಿಮಾ ಸ್ಟುಡಿಯೋಕ್ಕೆ ಹೊರೆಯಾಳುಗಳಾಗಿ ಸೇರಿದವರು. ಸುಳ್ಳು ಮನೆಗಳಿಗೆ ಬೇಕಾದ ನಿಜವಾದ ಬಾಗಿಲು, ಕಿಟಕಿ ಚೌಕಟ್ಟುಗಳನ್ನು ಹೊರುವುದು ಅಣ್ಣನ ಕೆಲಸ. ಬಲ ಹೆಗಲ ಮೇಲೆ ಬಾಗಿಲು ಹೊತ್ತು ಹೊತ್ತು, ತೂಕ ಸರಿದೂಗಿಸಲು ಎಡಗೈ ಹೊರಗೆ ಬೀಸುವ ಅಭ್ಯಾಸ ಮೈಗೆ ಹತ್ತಿತು. ಮೊದಲ ಭಾಗದ ನೆಂಟನಾಗಿದ್ದ ನಟ, 'ಮುಖ ಕಾಣುವ ಪಾತ್ರ ಕೊಟ್ಟರೆ ಮಾತ್ರ ಬರ್ತೀನಿ' ಎಂದು ಬಿಟ್ಟುಹೋದ. ನಿರ್ದೇಶಕರು ಒಂದು ದಿನ ಅಂಗಳದಲ್ಲಿ ಅಣ್ಣನನ್ನು ಕಂಡರು. "ಹೊರೆ ಇಳಿಸಿದ ಮೇಲೂ ಹೊತ್ತವನ ಹಾಗೇ ನಡೀತೀಯಲ್ಲಯ್ಯಾ. ಹಾಗೇ ನಡಿ, ಏನೂ ಬದಲಾಯಿಸಬೇಡ," ಎಂದು ಮುಖವಾಡ ಕೊಟ್ಟರು. ಯಾರಿಗೂ ಹೇಳಕೂಡದು ಎಂಬ ಷರತ್ತೂ ಆಯಿತು.

"ಗೋಣಿ ಚುಚ್ಚೋದು. ಕಣ್ಣಿಗೆ ನಾಣ್ಯದಗಲ ಎರಡು ತೂತು. ಎದುರಿಗೆ ನಿಂತವರು ಬಿಟ್ರೆ ಬೇರೇನೂ ಕಾಣಲ್ಲ. ಯಾರು ಪಕ್ಕದಲ್ಲಿದ್ದಾರೆ, ಯಾರು ಹಿಂದಿದ್ದಾರೆ, ದೇವರಿಗೇ ಗೊತ್ತು."

ತಮ್ಮ ಬೀಳುವವರಿಗೆ ಹಾಸಿಗೆ ಹಾಕುವ ಕೆಲಸದಲ್ಲಿದ್ದ. ಎಲ್ಲಿಂದ ಬೀಳುತ್ತಾರೆ, ಎಲ್ಲಿ ಬೀಳುತ್ತಾರೆ ಎಂದು ನೋಡಿ, ಕ್ಯಾಮೆರಾಕ್ಕೆ ಕಾಣದ ಹಾಗೆ ದಪ್ಪ ಹಾಸಿಗೆಗಳನ್ನು ಜೋಡಿಸುವುದು. ಮೂರನೇ ಭಾಗದ ಕೊನೆಯಲ್ಲಿ ನೆಂಟ ಮಹಡಿಯ ಅಂಚಿಗೆ ತಡೆಯಾಗಿ ಕಟ್ಟಿದ ಕಟಾಂಜನ ಮುರಿದು ಹಿಮ್ಮುಖವಾಗಿ ಕೆಳಗೆ ಬೀಳಬೇಕು. ಅಣ್ಣ ಬಿದ್ದ. ಕೆಳಗೆ ಹಾಸಿಗೆ ಇರಲಿಲ್ಲ.

"ಆಸ್ಪತ್ರೆಗೆ ಬಂದು ಅಳ್ತಾ ಹೇಳಿದ: 'ಅಣ್ಣಾ, ನಾನು ಹಾಸಿಗೆ ಸರಿಯಾಗಿ ಹಾಕಿಯೇ ಮೇಲೆ ಬಂದೆ. ಹೆಣ ಆಗಿ ಮಲಗಬೇಕಾದವನು ಬಂದಿರಲಿಲ್ಲ, ನನ್ನನ್ನೇ ಮಲಗಿಸಿದ್ರು. ಆಮೇಲೆ ಏನಾಯ್ತೋ ಗೊತ್ತಿಲ್ಲ.' ನಂಬಿದೆ. ನಾನಿನ್ನೂ ಮಂಚದ ಮೇಲೆ ಇರುವಾಗಲೇ ನಾಲ್ಕನೇದು ಶುರುವಾಯ್ತು. ನೆಂಟ ಯಾರು? ಅವನೇ. ನನ್ನ ಜಾಗಕ್ಕೆ ಬರೋಕೇ ಹಾಸಿಗೆ ತೆಗೆದಿದ್ದಾನೆ ಅಂತ ಆಗ ತಲೆಗೆ ಹೊಳೀತು ನೋಡಿ. ಹೆಣ ಆಗಿದ್ನಂತೆ! ಕಳ್ಳನಿಗೊಂದು ಪಿಳ್ಳೆ ನೆವ. ನನ್ನ ಹೊಸ್ತಿಲು ತುಳೀಬೇಡ ಅಂದೆ. ತುಳೀಲಿಲ್ಲ."

ಇಪ್ಪತ್ತು ವರ್ಷದ ಮೇಲಾಯಿತು. ಕಾಲು ನೆಲಕ್ಕೂರಿದ ಮೇಲೆ ಐದನೇ ಭಾಗಕ್ಕೆ ಸ್ಟುಡಿಯೋದವರೇ ಬಂದು ಕರೆದರು. ತಮ್ಮನಿಗೆ ನಟನೆ ಬರಲಿಲ್ಲ, ಓಡಿಸಿರಬೇಕು ಎಂದುಕೊಂಡು ಹೋದರು, ಕುಂಟುತ್ತಲೇ ಮಾಡಿದರು. ಅದರ ನಂತರ ಯಾರೂ ಕರೆಯಲಿಲ್ಲ.

ಸಿನಿಮಾ ನೋಡಿದ್ದರೆ ತಮ್ಮ ಹೇಳಿದ್ದು ನಿಜವೋ ಸುಳ್ಳೋ ಆಗಲೇ ತಿಳಿಯುತ್ತಿತ್ತಲ್ಲ, ಎಂದೆ. ಹೆಣದ ಪಾತ್ರ ತೆರೆಯ ಮೇಲೆ ಇರಲೇಬೇಕಲ್ಲ.

ಇವರು ಒಂದನ್ನೂ ನೋಡಿಲ್ಲ. ಮನೆಯಲ್ಲಿ ಹೆಂಡತಿಗೂ ಮಗಳಿಗೂ ನೋಡಲು ಬಿಟ್ಟಿಲ್ಲ. ಭಯ ಅಂತ ಮೊದಲು ಹೇಳಿದರು. ಆಮೇಲೆ ತಲೆ ತಗ್ಗಿಸಿ, "ನೋಡಿದ್ರೆ ಗೊತ್ತಾಗಿಬಿಡ್ತಿತ್ತಲ್ಲ ಮೇಡಂ," ಎಂದರು.

ಬ್ರಷ್ ಎತ್ತಿಕೊಳ್ಳುತ್ತಾ ಅವರೇ ಕೇಳಿದರು. "ಆ ಔಷಧಿ ಅಂಗಡಿಯವರು ಮೂರನೇದು ತೋರಿಸ್ತಾರಾ? ಇನ್ನು ಎಲ್ಲೂ ಸಿಗಲ್ವಂತೆ."

ತೋರಿಸುತ್ತಾರೆ, ಆದರೆ ಅವರದೊಂದು ನಿಯಮ. "ಒಂದು, ಎರಡು ನೋಡದೆ ಮೂರಕ್ಕೆ ಕೈ ಹಾಕೋದಾ? ಸಾಧ್ಯವೇ ಇಲ್ಲ. ಮಾತ್ರೆ ಇದ್ದ ಹಾಗೆ ಇದು. ಖಾಲಿ ಹೊಟ್ಟೆಗೆ ತಗೊಳ್ಳೋದನ್ನ ಊಟ ಆದ್ಮೇಲೆ ತಗೊಂಡ್ರೆ ಆದೀತಾ? ಕಂಪನಿಯವರ ಕ್ರಮ ನಾನು ಒಪ್ಪಲ್ಲ. ಬಿಡುಗಡೆ ಆದ ಕ್ರಮದಲ್ಲೇ ನೋಡಬೇಕು. ಇನ್ನೊಂದು ಮಾತು, ಮೂರನೇದರಲ್ಲಿ ಹೆಣ ಎದ್ದು ಕೂರುತ್ತೆ. ತಪ್ಪಾಗಿ ಉಳಿದಿರೋ ಶಾಟ್ ಅದು. ನಮ್ಮ ಬಳಗದಲ್ಲಿ ಅದೇ ದೊಡ್ಡ ಜೋಕು. ಈಗಲೇ ಹೇಳಿರ್ತೀನಿ."

ಹೀಗೆ ಒಂದು ಭಾನುವಾರ ಬೆಳಗ್ಗೆ ಅಂಗಡಿಯ ಮಹಡಿಯ ಕೋಣೆಯಲ್ಲಿ, ಔಷಧಿಯ ರಟ್ಟಿನ ಪೆಟ್ಟಿಗೆಗಳ ನಡುವೆ ಐದು ಕುರ್ಚಿ ಹಾಕಿದರು. ಅನುಮಾನಪ್ಪ, ಪರದೆ ಹೊಲಿಯುವ ಅವರ ಹೆಂಡತಿ, ಮಗಳು, ನಾನು, ಮತ್ತು ಟಿವಿಗೆ ಬೆನ್ನು ಹಾಕಿ, ಸಿನಿಮಾ ಬಿಟ್ಟು ಅನುಮಾನಪ್ಪನವರ ಮುಖವನ್ನೇ ನೋಡುತ್ತಾ ಕೂತ ಔಷಧಿ ಅಂಗಡಿಯವರು. ಯಾವ ದೃಶ್ಯಕ್ಕೆ ಈ ಮನುಷ್ಯ ಹೇಗೆ ಬೆಚ್ಚುತ್ತಾನೆ ಎಂದು ನೋಡಿಯೇ ಅಸಲಿ ನಕಲಿ ಹೇಳಿಬಿಡುತ್ತೇನೆ ಎಂದು ನನ್ನ ಕಿವಿಯಲ್ಲಿ ಉಸುರಿದ್ದರು. ಅದನ್ನು ಅನುಮಾನಪ್ಪ ಗಮನಿಸಿ, "ಇವರಿಬ್ಬರೂ ಏನೋ ಮಸಲತ್ತು ಮಾಡ್ತಿದ್ದಾರೆ," ಎಂದು ಹೆಂಡತಿಗೆ, ನಮಗೂ ಕೇಳುವಷ್ಟು ಜೋರಾಗಿಯೇ ಹೇಳಿದರು.

ಪರೀಕ್ಷೆ ಕೆಟ್ಟಿತು. ಎಲ್ಲ ದೃಶ್ಯಕ್ಕೂ ಬೆಚ್ಚಿದರು. ಮೊದಲ ಭಾಗ ಪೂರ್ತಿ ಟವೆಲಿನಿಂದ ಮುಖ ಮುಚ್ಚಿಕೊಂಡು, "ಆಯ್ತಾ? ಹೋದನಾ ಅವನು?" ಎಂದು ಮಗಳನ್ನು ಕೇಳುತ್ತಿದ್ದರು. ಎರಡನೆಯದರಲ್ಲಿ ಬಸ್ಸಿನ ದೃಶ್ಯ ಬಂತು. ಹಿಂದಿನ ಸೀಟಿನಿಂದ ಗೋಣಿ ಮುಖ ನಿಧಾನವಾಗಿ ಮೇಲೆದ್ದಾಗ, ಆ ಗೋಣಿಯೊಳಗೆ ತಾನೇ ಇದ್ದೆ ಎನ್ನುವ ಮನುಷ್ಯ "ಅಯ್ಯಯ್ಯೋ!" ಎಂದು ಕೂಗಿ ಹೆಂಡತಿಯ ಕೈ ಹಿಡಿದುಕೊಂಡರು. ಹೆಂಡತಿ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡರು. ಔಷಧಿ ಅಂಗಡಿಯವರು ನನ್ನತ್ತ ನೋಡಿ 'ಇವರಲ್ಲ' ಎಂದು ತಲೆಯಾಡಿಸಿದರು.

ಊಟ ಮುಗಿಸಿ ಬಂದು ಮೂರನೆಯದನ್ನು ಹಾಕಿದರು. ಟವೆಲು ಈ ಸಲ ತೊಡೆಯ ಮೇಲೇ ಇತ್ತು. ಕೊನೆಯ ದೃಶ್ಯ. ಮಹಡಿಯ ಉದ್ದನೆಯ ಪಡಸಾಲೆ, ಆಚೆ ತುದಿಯಲ್ಲಿ ಕಟಾಂಜನ. ಮನೆಯ ಹುಡುಗಿ ಕಬ್ಬಿಣದ ಸರಳಿನಿಂದ ನೆಂಟನನ್ನು ಹೊಡೆದು ಹಿಂದೆ ಹಿಂದೆ ತಳ್ಳುತ್ತಾಳೆ. ಈಚೆ ಮೂಲೆಯಲ್ಲಿ, ತೆರೆಯ ಅಂಚಿಗೆ, ಆಗಲೇ ಸತ್ತ ಒಬ್ಬ ಯುವಕನ ಹೆಣ. ಮುಖ ನಮ್ಮ ಕಡೆಗೇ ಇದೆ. ಎಡ ಹುಬ್ಬಿನ ನಡುವೆ ಕೂದಲು ಬೆಳೆಯದ ಒಂದು ಗೀರು.

"ರೀ," ಎಂದರು ಹೆಂಡತಿ, ಮೆಲ್ಲಗೆ. "ನಿಮ್ಮ ತಮ್ಮ ಅಲ್ವೇನ್ರೀ ಅದು?"

ಕಟಾಂಜನ ಮುರಿಯಿತು. ನೆಂಟ ಹಿಮ್ಮುಖವಾಗಿ ಮಾಯವಾದ. ಅದೇ ಕ್ಷಣ ಮೂಲೆಯ ಹೆಣ ತಟಕ್ಕನೆ ಕತ್ತು ತಿರುಗಿಸಿ, ಅಂಗೈ ಊರಿ ಅರ್ಧ ಎದ್ದಿತು. ಬಾಯಿ ತೆರೆಯಿತು. ಶಾಟ್ ಅಲ್ಲಿಗೆ ತುಂಡಾಯಿತು.

ಔಷಧಿ ಅಂಗಡಿಯವರು ಅಭ್ಯಾಸ ಬಲದಿಂದ ನಗಲು ಶುರುಮಾಡಿದವರು ಯಾರೂ ನಗದಿದ್ದದ್ದನ್ನು ಕಂಡು ನಿಲ್ಲಿಸಿದರು. "ಇದೇ ನಾನು ಹೇಳಿದ್ದು," ಎಂದರು ತೊದಲುತ್ತಾ. "ಏನೋ ಹೇಳುತ್ತೆ, ಸಂಗೀತ ಜೋರಾಗಿರೋದ್ರಿಂದ ಕೇಳಲ್ಲ. 'ಅಮ್ಮಾ' ಅಂತ ಕೆಲವರು, 'ಅಯ್ಯೋ' ಅಂತ ಕೆಲವರು. ನಾವು ಜಗಳನೇ ಆಡಿದ್ದೀವಿ."

"'ಅಣ್ಣಾ' ಅಂತಾನೆ," ಎಂದರು ಹೆಂಡತಿ.

ಮಗಳು ಅಪ್ಪನ ಬೆನ್ನ ಮೇಲೆ ಕೈಯಿಟ್ಟಳು. ಅನುಮಾನಪ್ಪ ಖಾಲಿ ತೆರೆಯನ್ನೇ ನೋಡುತ್ತಿದ್ದರು. ಇನ್ನೊಮ್ಮೆ ತೋರಿಸಿ ಎನ್ನುತ್ತಾರೆ ಎಂದುಕೊಂಡೆ. ಅನ್ನಲಿಲ್ಲ.

"ನಾಲ್ಕನೇದು ಹಾಕಿ," ಎಂದರು.

ನಾಲ್ಕರ ಶುರುವಿನಲ್ಲೇ ನೆಂಟ ಒಂದು ಉದ್ದ ಬೀದಿಯಲ್ಲಿ ನಡೆದು ಬರುತ್ತಾನೆ. ಎಡಗೈ ಹೊರಗೆ ಬೀಸುತ್ತದೆ, ಬಲ ಹೆಗಲು ಒಂಚೂರು ಇಳಿದಿದೆ, ಕಾಣದ ಬಾಗಿಲೊಂದನ್ನು ಹೊತ್ತವನ ಹಾಗೆ. "ಅಪ್ಪ, ಇದು ನೀನೇ ಅಲ್ವಾ?" ಎಂದು ಮಗಳು ಕೇಳಿದಳು. ಅವಳು ಹುಟ್ಟುವ ಮೊದಲೇ ಬಿದ್ದ ಅಪ್ಪ ನೆಟ್ಟಗೆ ನಡೆದದ್ದನ್ನು ಅವಳು ಕಂಡವಳೇ ಅಲ್ಲ.

"ನಾನು ಹೀಗೆ ನಡೀತಿದ್ನಾ?" ಎಂದು ಅವರು ಹೆಂಡತಿಯನ್ನು ಕೇಳಿದರು.

"ಹೀಗೇ ನಡೀತಿದ್ರಿ. ಒಂಚೂರೂ ಹೆಚ್ಚಿಲ್ಲ, ಕಮ್ಮಿ ಇಲ್ಲ. ಈ ನಡಿಗೆ ನೋಡಿಯೇ ನಾನು ನಿಮ್ಮನ್ನ ಒಪ್ಪಿದ್ದು."

ಆಗ ಔಷಧಿ ಅಂಗಡಿಯವರು ಎದ್ದು ಟಿವಿಯ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದರು. ಎರಡು, ಮೂರು, ನಾಲ್ಕು ಒಬ್ಬನೇ, ಐದು ನಕಲಿ ಎಂದು ಇಷ್ಟು ವರ್ಷ ವಾದಿಸಿ ಗೆದ್ದವರು. ತಿರುಗಿ ಬಂದು ಕೂತು, "ಇರಬಹುದು. ಇಲ್ಲದೇನೂ ಇರಬಹುದು," ಎಂದರು. ಆದರೆ ಅಲ್ಲಿಂದಾಚೆಗೆ ಅನುಮಾನಪ್ಪನವರ ಮುಖ ನೋಡುವುದನ್ನು ಬಿಟ್ಟು ಸಿನಿಮಾ ನೋಡಿದರು.

ಮೆಟ್ಟಿಲಿಳಿಯುವಾಗ ಗೊತ್ತಾಯಿತು, ತಮ್ಮನ ವಿಳಾಸ ಹೆಂಡತಿಯ ಹತ್ತಿರ ಇದೆ. ಓರಗಿತ್ತಿಯರಿಬ್ಬರೂ ಇಷ್ಟು ವರ್ಷವೂ ಫೋನಿನಲ್ಲಿ ಮಾತಾಡುತ್ತಲೇ ಇದ್ದಾರೆ. "ನನಗೆ ಅನುಮಾನ ಇತ್ತು," ಎಂದರು ಅನುಮಾನಪ್ಪ. "ಇತ್ತು ತಾನೇ? ಇದೊಂದನ್ನಾದ್ರೂ ಸರಿಯಾಗಿ ಅನುಮಾನ ಪಟ್ಟಿದ್ರಿ," ಎಂದರು ಆಕೆ.

ಮುಂದಿನ ವಾರ ನನ್ನನ್ನೂ ಜೊತೆಗೆ ಕರೆದರು. ಪತ್ರಿಕೆಯವರು ಇದ್ದರೆ ತಮ್ಮ ಬಾಗಿಲು ಹಾಕಿಕೊಳ್ಳಲಾರ ಎಂಬ ಲೆಕ್ಕಾಚಾರ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಮಾತು. "ಅವನು ಮೇಲೆ ಮಲಗಿದ್ದ, ಸರಿ. ಹಾಗಾದ್ರೆ ಹಾಸಿಗೆ ಸರಿಸಿದ್ದು ಯಾರು?" ಹೆಂಡತಿ ಕೊನೆಗೆ ರೇಗಿದರು. "ಒಬ್ಬನನ್ನ ಬಿಟ್ರಿ ಅಂತ ಇನ್ನೊಬ್ಬನನ್ನ ಹುಡುಕಬೇಡಿ. ನಿಮ್ಮ ಅನುಮಾನಕ್ಕೆ ಯಾವಾಗಲೂ ಒಬ್ಬ ಮನುಷ್ಯ ಬೇಕೇ ಬೇಕಾ?"

ತಮ್ಮನದು ಬಟ್ಟೆ ಇಸ್ತ್ರಿ ಮಾಡುವ ಅಂಗಡಿ. ಚಿಕ್ಕ ಕೋಣೆ, ಗೋಡೆಯುದ್ದಕ್ಕೂ ತೂಗುಹಾಕಿದ ಅಂಗಿಗಳು, ಬಿಸಿ ನೀರಾವಿಯ ವಾಸನೆ. ಬಾಗಿಲಲ್ಲೇ ತಡೆದವರು ತಮ್ಮನ ಹೆಂಡತಿ. ಫೋನಿನಲ್ಲಿ ಅಕ್ಕನ ಜೊತೆ ಎಷ್ಟೇ ಸಲಿಗೆಯಿದ್ದರೂ ಭಾವನ ಮೇಲೆ ಅವರಿಗೆ ನಂಬಿಕೆಯಿಲ್ಲ. "ಯಾಕೆ ಬಂದ್ರಿ ಭಾವ? ಮತ್ತೆ ಏನು ಅನ್ನೋಕೆ ಬಂದ್ರಿ? ಇವರು ಆ ಕೆಲಸ ಬಿಟ್ಟಿದ್ದು ಯಾರಿಗೋಸ್ಕರ ಅಂತ ಗೊತ್ತಾ ನಿಮಗೆ? 'ಅಣ್ಣ ಎದ್ದು ಓಡಾಡ್ತಿದ್ದಾನೆ, ಅವನನ್ನೇ ಕರೀರಿ, ನಾನು ಮಾಡಲ್ಲ' ಅಂತ ಮುಖವಾಡ ಬಿಚ್ಚಿಟ್ಟು ಬಂದ್ರು. ಬಂದು ಈ ಇಸ್ತ್ರಿಪೆಟ್ಟಿಗೆ ಹಿಡಿದ್ರು."

ಒಳಗೆ ಇಸ್ತ್ರಿ ಮಾಡುತ್ತಿದ್ದವರು ತಲೆ ಎತ್ತಲಿಲ್ಲ. ಆದರೆ ಎಡ ಹುಬ್ಬಿನ ನಡುವಿನ ಗೀರು ನನಗೆ ಬಾಗಿಲಿನಿಂದಲೇ ಕಂಡಿತು. ಅಂದು ತೆರೆಯ ಮೇಲೆ ಅರ್ಧ ಎದ್ದ ಹೆಣ ಈಗ ಕೂದಲು ನರೆತು, ಒಂದು ಬಿಳಿ ಅಂಗಿಯ ಕಾಲರನ್ನು ಒತ್ತುತ್ತಾ ನಿಂತಿತ್ತು. ನನ್ನ ಅನುಮಾನ ಅಲ್ಲಿಗೆ ಮುಗಿಯಿತು. ಅವರದು ಇನ್ನೂ ಬಾಕಿಯಿತ್ತು.

ಅಣ್ಣ ಎದುರಿಗೆ ಹೋಗಿ ನಿಂತರು. ಕ್ಷಮಿಸು ಎನ್ನುತ್ತಾರೆ ಎಂದು ನಾವೆಲ್ಲ ಕಾಯುತ್ತಿದ್ದೆವು.

"ನಾಲ್ಕನೇದು ನೋಡಿದೆ," ಎಂದರು.

ಇಸ್ತ್ರಿಪೆಟ್ಟಿಗೆ ನಿಂತಿತು. "ಈಗಲಾ?"

"ಈಗಲೇ."

"ಹೇಗಿತ್ತು?"

"ಪರವಾಗಿಲ್ಲ. ಎಡಗೈ ಸ್ವಲ್ಪ ಜಾಸ್ತಿ ಆಡಿಸಿದ್ದೀಯ."

"ನೀನು ಹಾಗೇ ಆಡಿಸ್ತಿದ್ದೆ."

"ಅಷ್ಟೊಂದಾ?"

"ಅಷ್ಟೇ. ನೀನು ಮಲಗಿದ್ದಾಗ ದಿನಾ ಸ್ಟುಡಿಯೋ ಅಂಗಳದಲ್ಲಿ ಬಾಗಿಲು ಹೊತ್ತು ನಡೆದು ಕಲಿತೆ. ಹೆಗಲು ಕಿತ್ತುಹೋಗಿತ್ತು. ಬೇರೆ ಯಾರನ್ನಾದ್ರೂ ತಂದು ಬೇರೆ ಥರ ನಡೆಸಿದ್ರೆ ಆಮೇಲೆ ನಿನ್ನನ್ನ ಕರೀತಿರಲಿಲ್ಲ ಅಣ್ಣ." ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು. "ಹಾಸಿಗೆ ಕ್ಯಾಮೆರಾಕ್ಕೆ ಕಾಣುತ್ತೆ ಅಂತ ಯಾರೋ ಎಳೆದ್ರಂತೆ. ಯಾರು ಅಂತ ಕೊನೆಗೂ ಗೊತ್ತಾಗಲಿಲ್ಲ. ಮಲಗೋ ಮುಂಚೆ ನಾನು ಇನ್ನೊಂದ್ಸಲ ಬಗ್ಗಿ ನೋಡಬೇಕಿತ್ತು. ನೋಡಲಿಲ್ಲ."

ಅಣ್ಣ ಅಲ್ಲೇ ಇದ್ದ ನೀರು ಚಿಮುಕಿಸಿಟ್ಟ ಅಂಗಿಗಳ ಬುಟ್ಟಿಯಿಂದ ಒಂದನ್ನು ಎತ್ತಿ, ಕೊಡವಿ, ತಮ್ಮನ ಮುಂದೆ ಹರವಿದರು. ತಮ್ಮ ಇಸ್ತ್ರಿ ಒತ್ತಿದರು. ಅಣ್ಣ ಇನ್ನೊಂದನ್ನು ಹರವಿದರು. ಮೂರನೇ ಅಂಗಿಯ ಹೊತ್ತಿಗೆ ಬಾಗಿಲಲ್ಲಿದ್ದ ತಮ್ಮನ ಹೆಂಡತಿ ಪಕ್ಕಕ್ಕೆ ಸರಿದು, "ಒಳಗೆ ಬಾ ಅಕ್ಕ, ನಿಂತೇ ಇದ್ದೀಯ," ಎಂದರು.

ಔಷಧಿ ಅಂಗಡಿಯವರ ಬಳಗ ಈಗ ಎಂಟೂ ಭಾಗಗಳನ್ನು ಟೇಪಿನಿಂದಲೇ ತೋರಿಸಲು ಹೊರಟಿದೆ. ಅಣ್ಣ ತಮ್ಮ ಇಬ್ಬರನ್ನೂ ವೇದಿಕೆಗೆ ಕರೆದಿದ್ದಾರೆ. ಇಬ್ಬರೂ ಒಲ್ಲೆ ಎಂದಿದ್ದಾರೆ. "ನಮ್ಮ ಮುಖ ನೋಡಿಬಿಟ್ರೆ ಯಾರಿಗೂ ಭಯ ಆಗಲ್ಲ. ಅಷ್ಟು ಕಷ್ಟಪಟ್ಟು ಹೆದರಿಸಿದ್ದು ಹಾಳಾಗುತ್ತೆ," ಎನ್ನುವುದು ಅಣ್ಣನ ವಾದ. ಬಸ್ಸಿನ ಕೆಲಸ ಎಂದಿನಂತೆ ನಡೆದಿದೆ. ಹಾಸಿಗೆ ಎಳೆದವನ ಬಗ್ಗೆ ಅವರಿಗೆ ಇನ್ನೂ ಒಂದಿಬ್ಬರ ಮೇಲೆ ಗುಮಾನಿ ಇದೆ. ಹೆಸರು ಹೇಳುವುದಿಲ್ಲ.

ಹೊರಡುವ ಮೊದಲು ಅಭಿಮಾನಿಗಳೆಲ್ಲ ಕಾದಾಡುವ ಪ್ರಶ್ನೆಯನ್ನು ಅವರಿಗೂ ಕೇಳಿದೆ: ಹೊಸದಾಗಿ ನೋಡುವವರು ಯಾವ ಕ್ರಮದಲ್ಲಿ ನೋಡಬೇಕು? ಬಿಡುಗಡೆಯ ಕ್ರಮವೋ, ಕಥೆಯ ಕ್ರಮವೋ, ಕಂಪನಿಯ ಕ್ರಮವೋ?

ಅನುಮಾನಪ್ಪ ಒದ್ದೆ ಬ್ರಷ್ಷನ್ನು ಬಕೆಟ್ಟಿನ ಅಂಚಿಗೆ ಕೊಡವಿ, ಇದರಲ್ಲೇನಾದರೂ ಕೊಕ್ಕೆ ಇದೆಯೇ ಎಂದು ನನ್ನನ್ನು ಒಮ್ಮೆ ದಿಟ್ಟಿಸಿದರು.

"ಹೇಗಾದ್ರೂ ನೋಡ್ಲಿ. ಹಿಂದಿನಿಂದ ಮುಂದಕ್ಕೆ ಬೇಕಾದ್ರೂ ನೋಡ್ಲಿ. ನಾಲ್ಕನೇದನ್ನ ಮಾತ್ರ ಬಿಡಬಾರದು ಅಂತ ಬರೀರಿ. ಅದರಲ್ಲಿ ನನ್ನ ತಮ್ಮ ಇದ್ದಾನೆ."